ನಾಗಮ್ಮ ಗಂಡ ಶರಣಪ್ಪ ಅವರು

ಬಸವಕಲ್ಯಾಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಉಪನ್ಯಾಸಕ. ಅಂದರೆ ಮತದಾನ ಹೇಗೆ ನಡೆಯುತ್ತದೆ ಎಂದು ವರ್ಷವರ್ಷವೂ ಹೊಸ ಮಕ್ಕಳಿಗೆ ಅದೇ ಹಳೆಯ ನೋಟ್ಸಿನಿಂದ ಹೇಳಿಕೊಡುವ ಮನುಷ್ಯ. ಹೇಳಿಕೊಡುವುದು ಬೇರೆ, ನಡೆಸುವುದು ಬೇರೆ ಎಂದು ನನಗೆ ತೋರಿಸಿಕೊಟ್ಟವರು ಇದೇ ಊರಿನ ಒಬ್ಬ ಪ್ರಾಥಮಿಕ ಶಾಲೆಯ ಟೀಚರಮ್ಮ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಇನಿಶಿಯಲ್ ತಪ್ಪಿಯೇ ತಪ್ಪುತ್ತದೆ, ಅವರು ಎಲ್ಲಿದ್ದರೂ ಕೆಂಪು ಪೆನ್ನು ಹಿಡಿದುಕೊಂಡು ಬರುತ್ತಾರೆ ಎಂಬ ಅಂಜಿಕೆ ನನಗೆ ಇನ್ನೂ ಇದೆ.

ಅವರನ್ನು ಮೊದಲು ನೋಡಿದ್ದು ಒಂದು ವಿಧಾನಸಭಾ ಚುನಾವಣೆಯ ತರಬೇತಿಯಲ್ಲಿ. ನಾನು ಆ ಸಲ ಮೊದಲ ಬಾರಿಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಆಗಿದ್ದೆ. ಸಿಬ್ಬಂದಿಯ ಬಾಯಲ್ಲಿ ಅದು ಪಿಆರ್‌ಓ. ಆದೇಶದ ಪತ್ರ ಕೈಗೆ ಬಂದ ದಿನ ಹೆಂಡತಿಯ ಮುಂದೆ ಎದೆ ಉಬ್ಬಿಸಿಕೊಂಡು, "ಅವತ್ತ ಮತಗಟ್ಟ್ಯಾಗ ಮಂತ್ರಿ ಬಂದ್ರೂ ನನ್ನ ಮಾತು ಕೇಳಬೇಕು, ಗೊತ್ತದೇನು?" ಎಂದಿದ್ದೆ. ಆಕೆ ಸ್ವಲ್ಪವೂ ವಿಚಲಿತಳಾಗದೆ, "ಆಗಲಿ. ಮೊದಲ ಆ ಗ್ಯಾಸಿನ ಟಾಕಿ ಹಚ್ಚಿಕೊಡ್ರಿ" ಎಂದಿದ್ದಳು.

ತರಬೇತಿಯಲ್ಲಿ ಸಾಹೇಬರು ಮಾತಾಡುತ್ತಿದ್ದಾಗ ನಾನು ಎರಡು ಸಲ ಎದ್ದು ನಿಂತು ಸಂವಿಧಾನದ ಯಾವ ವಿಧಿಯಲ್ಲಿ ಏನಿದೆ ಎಂದು ತಿದ್ದಿದೆ. ಸಭೆ ನನ್ನ ಕಡೆ ತಿರುಗಿ ನೋಡಿತು. ಆ ನೋಟದಲ್ಲಿ ಗೌರವವಿದೆ ಎಂದು ತಿಳಿದುಕೊಂಡೆ. ಎಲ್ಲರೂ ಊಟಕ್ಕೆ ತಡವಾಗುತ್ತದೆ ಎಂದು ನೋಡಿದ್ದರೆಂಬುದು ಆಮೇಲೆ ಗೊತ್ತಾಯಿತು. ಮಧ್ಯಾಹ್ನದ ಮೇಲೆ ಮೇಜಿನ ಮೇಲೆ ಮತಯಂತ್ರ ಇಟ್ಟು, ಅದಕ್ಕೆ ಹಸಿರು ಕಾಗದದ ಮುದ್ರೆ ಹಾಕಿ ತೋರಿಸಿ ಎಂದರು. ಮಂತ್ರಿಗೇ ಮಾತು ಹೇಳಬಲ್ಲ ಮನುಷ್ಯನಿಗೆ ಆ ಅಂಗೈ ಉದ್ದದ ಪಟ್ಟಿಯನ್ನು ಕಿಟಕಿಯೊಳಗೆ ತೂರಿಸಲು ಬರಲಿಲ್ಲ. ಬೆವರುತ್ತ ಮೂರನೇ ಸಲ ತೂರಿಸುತ್ತಿದ್ದಾಗ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು.

"ಸರ್, ಉಲ್ಟಾ ಹಿಡದೀರಿ."

ತಿರುಗಿ ನೋಡಿದೆ. ಸಣಕಲು ದೇಹ, ಗಂಜಿ ಹಾಕಿದ ಕಾಟನ್ ಸೀರೆ, ಕೊರಳಿಗೆ ದಾರದಿಂದ ಜೋತುಬಿದ್ದ ಕನ್ನಡಕ, ಕಂಕುಳಲ್ಲಿ ಒಂದು ನೈಲಾನ್ ಚೀಲ. ನಗುತ್ತಿರಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ನನ್ನ ತಂಡದ ಮೊದಲನೇ ಮತಗಟ್ಟೆ ಅಧಿಕಾರಿ ಇವರೇ ಎಂದು ಪಟ್ಟಿ ನೋಡಿದಾಗ ತಿಳಿಯಿತು. ನನ್ನ ನಸೀಬು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದು ಎಂಥ ಒಳ್ಳೆಯ ನಸೀಬಾಗಿತ್ತು ಎಂದು ಅರಿಯುವಷ್ಟು ಬುದ್ಧಿ ಆಗ ಇರಲಿಲ್ಲ.

ಮತದಾನದ ಹಿಂದಿನ ದಿನ ಹುಮನಾಬಾದದಲ್ಲಿ ಸಾಮಾನು ಹಂಚುತ್ತಿದ್ದರು. ಮೈದಾನದ ತುಂಬ ಶಾಮಿಯಾನಾ, ಮೈಕಿನ ಗದ್ದಲ, ಬಸ್ಸಿನ ಧೂಳು. ಎಲ್ಲರೂ ಚೀಲ ಎತ್ತಿಕೊಂಡು ಸಹಿ ಹಾಕಿ ಬಸ್ಸು ಹಿಡಿಯಲು ಓಡುತ್ತಿದ್ದರು. ನಾನೂ ಸಹಿ ಹಾಕಲು ಪೆನ್ನು ತೆಗೆದೆ. ಟೀಚರಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚೀಲ ಸುರುವಿದರು.

"ಗಡಬಡ ಮಾಡಬ್ಯಾಡ್ರಿ ಸರ್. ಒಂದೊಂದೇ ಓದ್ರಿ, ನಾ ನೋಡ್ತೀನಿ."

ಓದಿದೆ. ಲಕೋಟೆ, ಅರಗು, ಟ್ಯಾಗು, ಶಾಯಿ ಬಾಟಲಿ, ದಾರ. ನಮ್ಮ ಪಕ್ಕದ ತಂಡಗಳು ಹೋಗಿಯಾಯಿತು. ನನ್ನಂಥವನು ನೆಲದಲ್ಲಿ ಕೂತು ಗುಂಡುಪಿನ್ನಿನ ಹೆಸರು ಓದುತ್ತಿರುವುದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಿ ನಮಸ್ಕಾರ ಮಾಡಿ ಹೋದ. ಪಟ್ಟಿಯಲ್ಲಿದ್ದ ಎರಡು ಲಕೋಟೆ ಚೀಲದಲ್ಲಿರಲಿಲ್ಲ. ಅವನ್ನು ತರಿಸಿಕೊಂಡೇ ಎದ್ದರು. ಅವರ ಸ್ವಂತ ಚೀಲದಲ್ಲಿ ಇನ್ನೊಂದು ಸಂಸಾರವೇ ಇತ್ತು: ಸೂಜಿ, ಮೇಣದಬತ್ತಿ, ಕಬ್ಬಿಣದ ಫೂಟುಪಟ್ಟಿ, ಎರಡು ಕೆಂಪು ಪೆನ್ನು, ಜೋಳದ ರೊಟ್ಟಿಯ ಡಬ್ಬಿ, ಮತ್ತು ಒಂದು ಅರ್ಧ ತೆಂಗಿನ ಚಿಪ್ಪು. ಚಿಪ್ಪು ಯಾಕೆಂದು ಕೇಳಿದೆ. ಅದರಲ್ಲಿ ಮರಳು ತುಂಬಿ ಶಾಯಿ ಬಾಟಲಿ ಹುಗಿದರೆ ಅಪ್ಪಿತಪ್ಪಿ ಕೈ ಬಡಿದರೂ ಚೆಲ್ಲುವುದಿಲ್ಲವಂತೆ. ಇದು ನನ್ನ ಯಾವ ನೋಟ್ಸಿನಲ್ಲೂ ಇರಲಿಲ್ಲ.

ನಮಗೆ ಸಿಕ್ಕದ್ದು ದುಬಲಗುಂಡಿ ದಾಟಿ ಮುಂದಿನ ಒಂದು ಸಣ್ಣ ಊರು. ಊರಿನ ಹೆಸರನ್ನೂ ಹೇಳುವುದಿಲ್ಲ. ಊರಿನ ಮರ್ಯಾದೆಯ ಸಲುವಾಗಿ ಅಲ್ಲ, ನನ್ನ ಮರ್ಯಾದೆಯ ಸಲುವಾಗಿ. ಬೆಳಿಗ್ಗೆ ಪಕ್ಷಗಳ ಏಜೆಂಟರ ಮುಂದೆ ಅಣಕು ಮತದಾನ ಮಾಡಬೇಕು. ಐವತ್ತು ಮತ ಒತ್ತಿ, ಯಂತ್ರ ಸರಿಯಾಗಿ ಎಣಿಸುತ್ತದೆ ಎಂದು ತೋರಿಸಿ, ಆ ಐವತ್ತನ್ನೂ ಅಳಿಸಿ, ಆಮೇಲೆ ನಿಜವಾದ ಮತದಾನ. ನಾನು ಒತ್ತಿಸಿದೆ, ಎಣಿಸಿ ತೋರಿಸಿದೆ, ಏಜೆಂಟರ ಮುಂದೆ ಚಿಕ್ಕದೊಂದು ಭಾಷಣವನ್ನೂ ಮಾಡಿ, ಅರಗು ಕಾಯಿಸಲು ಮೇಣದಬತ್ತಿ ಹಚ್ಚಿದೆ.

"ಸರ್," ಟೀಚರಮ್ಮ ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಐವತ್ತು ಓಟು ಇನ್ನಾ ಅದರ ಹೊಟ್ಟ್ಯಾಗೇ ಅವ."

ಅಳಿಸುವುದನ್ನೇ ಮರೆತಿದ್ದೆ. ಸೀಲು ಹಾಕಿದ್ದರೆ ಆ ಊರಲ್ಲಿ ಮರುಮತದಾನ, ನನಗೆ ಅಮಾನತು. ಬತ್ತಿ ಆರಿಸಿ ಅಳಿಸುವ ಗುಂಡಿ ಒತ್ತಿದೆ. ಅವರು ಕಿವಿಯಲ್ಲಿ ಹೇಳಿದ್ದರಿಂದ ಏಜೆಂಟರಿಗೆ ಏನೂ ಗೊತ್ತಾಗಲಿಲ್ಲ. ನಾನು ಧನ್ಯವಾದ ಹೇಳಬೇಕಿತ್ತು. ಬದಲಾಗಿ, "ನೆನಪಿತ್ತರೀ, ಅಳಸವನೇ ಇದ್ದೆ" ಎಂದೆ. "ಹೌದ್ರಿ" ಎಂದು ತಮ್ಮ ಕುರ್ಚಿಗೆ ಹೋದರು. ಅವರ 'ಹೌದ್ರಿ'ಯಲ್ಲಿ ಎಷ್ಟು ಬಗೆ ಇದ್ದವು ಎಂದು ಆ ಒಂದು ದಿನದಲ್ಲಿ ನನಗೆ ತಿಳಿದುಹೋಯಿತು.

ಅವರ ಕೆಲಸ ಮತದಾರರ ಪಟ್ಟಿ ಹಿಡಿದು ಕೂಡುವುದು. ಮತದಾರ ಬಂದು ಚೀಟಿ ಅಥವಾ ಕಾರ್ಡು ತೋರಿಸಿದರೆ, ಪಟ್ಟಿಯಲ್ಲಿ ಹೆಸರು ಹುಡುಕಿ, ಏಜೆಂಟರಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿ, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಹೆಣ್ಣುಮಕ್ಕಳಾದರೆ ಕ್ರಮಸಂಖ್ಯೆಗೊಂದು ಸುತ್ತು. ಎಲ್ಲ ಮತಗಟ್ಟೆಯಲ್ಲೂ 'ಬಸಪ್ಪ', 'ಕಲ್ಲಮ್ಮ' ಎಂದು ತರಕಾರಿ ಹರಾಜಿನ ಹಾಗೆ ಕೂಗಿ ಮುಗಿಸುತ್ತಾರೆ. ಇವರು ಹಾಗಲ್ಲ. ಕನ್ನಡಕ ಏರಿಸಿ, ಪಟ್ಟಿಯಲ್ಲಿದ್ದ ಹೆಸರನ್ನು ಪೂರಾ ಓದಿ, ತಂದೆಯದೋ ಗಂಡನದೋ ಹೆಸರು ಸೇರಿಸಿ, ಕಡೆಗೆ 'ಅವರು' ಎನ್ನುತ್ತಿದ್ದರು.

"ಕಾಶಮ್ಮ ಗಂಡ ಮಾಣಿಕಪ್ಪ ಅವರು!"

ಎಂದು ಕೂಗಿ, ತಲೆಯೆತ್ತಿ, ಎದುರಿನವರ ಮುಖ ನೋಡುತ್ತ ಕಾಯುತ್ತಿದ್ದರು. ಅವರು 'ಹೌದ್ರಿ' ಎಂದ ಮೇಲೆಯೇ ಪೆನ್ನು ಪಟ್ಟಿಗೆ ತಾಗುತ್ತಿತ್ತು. ಈ ಕಾಶಮ್ಮ ಹೊಲದ ಕೂಲಿಗೆ ಹೋಗುವ ಮುದುಕಿ. ತನ್ನ ಹೆಸರಿನ ಮುಂದೆ 'ಅವರು' ಕೇಳಿದ್ದೇ, ತನ್ನ ಹಿಂದೆ ಇನ್ಯಾವ ಕಾಶಮ್ಮ ನಿಂತಿದ್ದಾಳೆಂದು ತಿರುಗಿ ನೋಡಿತು. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಟೀಚರಮ್ಮ ನಗದೆ ಕಾದರು. ಮುದುಕಿ ನಾಚಿಕೊಂಡು, "ನಾನೇರಿ, ಹೌದ್ರಿ" ಎಂದು ಸೆರಗು ಸರಿಮಾಡಿಕೊಂಡು ಒಳಗೆ ಹೋಯಿತು.

ದೊಡ್ಡ ಹಿಡುವಳಿಯ ಮನೆಯಿಂದ ಬಂದಿದ್ದ ಒಬ್ಬ ಏಜೆಂಟನಿಗೆ ಇದು ಸರಿಬರಲಿಲ್ಲ. "ಟೀಚರಮ್ಮಾರ, ಇವ್ರಿಗೆಲ್ಲಾ ಅವರು-ಇವರು ಯಾಕ್ರಿ? ನಮ್ಮ ಹೊಲದಾಗ ಕೆಲಸಕ್ಕ ಬರೋ ಮಂದಿ" ಎಂದ.

"ಪಟ್ಟಿದಾಗ ನಿಮಗೂ ಒಂದೇ ನಂಬರ್ ಅದ, ಅವರಿಗೂ ಒಂದೇ ನಂಬರ್ ಅದರಿ. ನಾ ಪಟ್ಟಿ ನೋಡಿ ಕೂಗಾಕತ್ತೇನಿ" ಎಂದು ಮುಂದಿನ ಹೆಸರಿಗೆ ಹೋದರು.

ನನಗೂ ಸರಿಬರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನನ್ನ ಕಾರಣ ಇನ್ನೂ ಸಣ್ಣದು. ಸಾಲು ಬೆಳೆಯುತ್ತಿತ್ತು. ಒಬ್ಬೊಬ್ಬರ ಮೇಲೆ ಮೂರು ನಾಲ್ಕು ಸೆಕೆಂಡು ಹೆಚ್ಚು ಎಂದರೆ ಸಂಜೆಯ ಹೊತ್ತಿಗೆ ಎಷ್ಟಾಯಿತು ಎಂದು ಕಾಗದದ ಮೇಲೆ ಗುಣಾಕಾರ ಮಾಡಿ ಅವರಿಗೆ ತೋರಿಸಿದೆ. ಅವರು ಆ ಕಾಗದ ನೋಡಿ, "ಗುಣಾಕಾರ ಬರೋಬರಿ ಅದರಿ" ಎಂದು ಹಿಂದಕ್ಕೆ ಕೊಟ್ಟರು.

ಅವರು ಹೀಗೆಯೇ ಎಂದು ಆಮೇಲೆ ಅವರ ಶಾಲೆಗೆ ಹೋದಾಗಲೂ ಕಂಡೆ. ನಾಲ್ಕನೇ ತರಗತಿಯ ಲೀಡರ್ ಚುನಾವಣೆ, ನನ್ನನ್ನು ಅತಿಥಿಯಾಗಿ ಕರೆದಿದ್ದರು. ಒಂದೊಂದು ಮಗುವಿಗೆ ಒಂದೊಂದು ಹುಣಸೆಬೀಜ. ಪರದೆಯ ಹಿಂದೆ ಹೋಗಿ ತನಗೆ ಬೇಕಾದವರ ಡಬ್ಬಿಯಲ್ಲಿ ಹಾಕಬೇಕು. ನಾನು ಪ್ರಜಾಪ್ರಭುತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಮಕ್ಕಳಿಗೆ ಒಂದೇ ಕುತೂಹಲ, ಪೇಢೆ ಯಾವಾಗ ಕೊಡುತ್ತಾರೆ ಎಂಬುದು. ಎಣಿಸುವಾಗ ಒಂದು ಬೀಜ ಹೆಚ್ಚು ಬಂತು. ಹೆಡ್‌ಮಾಸ್ತರರು "ಇರಲಿ ಬಿಡ್ರಿ, ಮಕ್ಕಳ ಆಟ" ಎಂದರು. ಟೀಚರಮ್ಮ ಎಲ್ಲ ಬೀಜ ವಾಪಸು ಹಂಚಿ ಮತ್ತೆ ಮೊದಲಿನಿಂದ ಮಾಡಿಸಿದರು. ಪೇಢೆ ನಾನು ಹೋದ ಮೇಲೆ ಹಂಚಿದರೆಂದು ಕೇಳಿದೆ.

ಮತದಾನದ ದಿನಕ್ಕೆ ಬರುತ್ತೇನೆ. ಇದನ್ನು ಮುಂದೂಡಲು ಶಾಲೆಯ ಕಥೆ ತಂದೆನೆಂದು ಓದುಗರು ತಿಳಿದುಕೊಂಡಿರಬಹುದು. ಸರಿಯಾಗಿಯೇ ತಿಳಿದುಕೊಂಡಿದ್ದೀರಿ.

ಮಧ್ಯಾಹ್ನ ಎರಡು ಗಂಟೆ. ಟೀಚರಮ್ಮ ಬೆಳಗಿನಿಂದ ಒಂದು ಗುಟುಕು ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. "ಏಳ್ರಿ, ಊಟ ಮಾಡಿ ಬರ್ರಿ, ನಾ ಕೂಡ್ತೀನಿ" ಎಂದೆ. ಬೇಡವೆಂದರು. ನಾನು ಪಿಆರ್‌ಓ ಎಂಬ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ಅವರ ಹಸಿವಿನ ಮೇಲೆ ನನಗೆ ಅಂಥ ಕಾಳಜಿ ಏನಿರಲಿಲ್ಲ. ಕೆಲಸ ಹೇಗೆ ಚಕಚಕ ಆಗಬೇಕು ಎಂದು ತೋರಿಸುವ ಹುಕಿ. "ಹೆಸರು ಪೂರಾ ಓದ್ರಿ ಸರ್" ಎಂದು ಹೇಳಿ, ಒಲ್ಲದ ಮನಸ್ಸಿನಿಂದ ಡಬ್ಬಿ ತೆಗೆದುಕೊಂಡು ಪಕ್ಕದ ಕೋಣೆಗೆ ಹೋದರು.

ನಾನು ಕೂತೆ. ಕಾಲು ಗಂಟೆಯಲ್ಲಿ ಅರ್ಧ ಸಾಲು ಕರಗಿಸಿದೆ. 'ಬಸಪ್ಪ!' ಗೆರೆ. 'ಶಾಂತಮ್ಮ!' ಗೆರೆ, ಸುತ್ತು. ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಹೊತ್ತು ಬಂದರು. ಚೀಟಿ ಇರಲಿಲ್ಲ, ಕಾರ್ಡು ಇತ್ತು. 'ನಾಗಮ್ಮ, ಗಂಡ ಶರಣಪ್ಪ.' ಪಟ್ಟಿಯ ಮೇಲೆ ಬೆರಳು ಓಡಿಸಿದೆ, ಹೆಸರು ಸಿಕ್ಕಿತು, ಫೋಟೋ ಮಸಿ ಬಳಿದ ಹಾಗಿತ್ತು. 'ನಾಗಮ್ಮ!' ಎಂದು ಕೂಗಿ, ಗೆರೆ ಎಳೆದು ಸುತ್ತು ಹಾಕಿದೆ. ಏಜೆಂಟರು ಊಟ ಮಾಡಿ ಬಂದು ತೂಕಡಿಸುತ್ತಿದ್ದರು. ಟೀಚರಮ್ಮ ಕೈ ತೊಳೆದು ಬಂದಾಗ ಬಾಗಿಲಲ್ಲಿ ಆರೇ ಜನ ಇದ್ದರು. "ನೋಡ್ರಿ" ಎಂದು ಸಾಲಿನ ಕಡೆ ಕೈ ತೋರಿಸಿದೆ. ಅವರು ಸಾಲನ್ನು ನೋಡಲಿಲ್ಲ. ಪಟ್ಟಿಯ ಪುಟ ಹಿಂದಕ್ಕೆ ತಿರುವಿ ನಾನು ಎಳೆದ ಗೆರೆಗಳನ್ನು ನೋಡುತ್ತ ಕೂತರು.

ಮೂರೂವರೆಯ ಸುಮಾರಿಗೆ ಒಬ್ಬ ಹಿರಿಯ ಹೆಣ್ಣುಮಗಳು ಬಂದರು. ಅರವತ್ತು ದಾಟಿದ ವಯಸ್ಸು. ಹೊಲದಿಂದ ಬಂದು ಸ್ನಾನ ಮಾಡಿ, ಮಡಿಕೆ ಮುರಿಯದ ಸೀರೆ ಉಟ್ಟಿದ್ದರು. ಕೂದಲು ಇನ್ನೂ ಒದ್ದೆ. ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು.

"ನಾಗಮ್ಮ ಗಂಡ ಶರಣಪ್ಪ ಅವರು!" ಟೀಚರಮ್ಮ ಕೂಗಿದರು.

"ಹೌದ್ರಿ, ನಾನೇರಿ."

ಕೆಂಪು ಪೆನ್ನು ಮೇಲೆದ್ದದ್ದು ಅಲ್ಲಿಯೇ ನಿಂತಿತು. ಆ ಕ್ರಮಸಂಖ್ಯೆಗೆ ಆಗಲೇ ಸುತ್ತು ಬಿದ್ದಿತ್ತು.

ತೂಕಡಿಸುತ್ತಿದ್ದ ಏಜೆಂಟನಿಗೆ ಎಚ್ಚರವಾಯಿತು. "ಆಕಿದು ಆಗಲೇ ಬಿದ್ದದರಿ" ಎಂದ.

ನಾಗಮ್ಮ ಎರಡೂ ಕೈ ಮುಂದೆ ಚಾಚಿದರು. "ನೋಡ್ರಿ ಬೊಟ್ಟು. ಎಲ್ಲದ ಶಾಯಿ? ಎಲ್ಲಿ ಬಿದ್ದದ?" ದನಿ ಏರಿತು. "ಹೋದ ಸಲ ಬಂದ್ರ ಹೆಸರೇ ಇಲ್ಲ ಅಂದ್ರಿ. ಸತ್ತಾಳ ಅಂತ ಬರದು ಹೊಡದು ಹಾಕಿದ್ರಂತ. ಜೀವಂತ ಅದೀನ್ರಿ ಅಂತ ತೋರಸಲಿಕ್ಕ ಮೂರು ಖೇಪು ಹುಮನಾಬಾದಕ್ಕ ಹೋಗೀನಿ, ಕೂಲಿ ಬಿಟ್ಟು. ಈಗ ಮತ್ತ ಬಿದ್ದದ ಅಂತೀರಿ. ನಾ ಬದುಕೇನೋ ಸತ್ತೇನೋ, ಒಂದು ಹೇಳ್ರಿ!"

ಟೀಚರಮ್ಮ ಮುಂದಿನ ಪುಟ ತಿರುವಿದರು. ಒಂದು ಸಾಲಿನ ಮೇಲೆ ಫೂಟುಪಟ್ಟಿ ಇಟ್ಟು, ನನ್ನನ್ನು ಹತ್ತಿರ ಕರೆದು, ಸಣ್ಣ ದನಿಯಲ್ಲಿ ಹೇಳಿದರು.

"ಇಲ್ಲಿ ನೋಡ್ರಿ ಸರ್. ಇನ್ನೊಬ್ರು ನಾಗಮ್ಮ ಅದಾರ. ಗಂಡನ ಹೆಸರೂ ಅದೇ. ವಯಸ್ಸು ಬ್ಯಾರೆ, ಮನಿ ನಂಬರ್ ಬ್ಯಾರೆ, ಅವರ ಸಾಲಿಗಿ ಗುರುತೇ ಇಲ್ಲ. ಅವರು ಬಂದಾಗ ಗುರುತು ಇವರ ಮ್ಯಾಲ ಬಿದ್ದದ."

'ಬಿದ್ದದ' ಎಂದರು, 'ಹಾಕೀರಿ' ಎನ್ನಲಿಲ್ಲ. ಕೂಸು ಹೊತ್ತುಕೊಂಡು ಬಂದ ನಾಗಮ್ಮನ ಮುಖ ನನಗೆ ಆ ಕ್ಷಣ ಸ್ಪಷ್ಟವಾಗಿ ನೆನಪಾಯಿತು.

ದಾರಿ ಎರಡಿದ್ದವು. ಒಂದನ್ನು ಟೀಚರಮ್ಮ ಹೇಳಿದರು: "ಆ ಇನ್ನೊಬ್ಬಾಕೀನ ಕರಸ್ರಿ. ಏಜೆಂಟರ ಮುಂದ ಗುರುತು ತಿದ್ದಿ, ಅವರ ಸಹಿ ತಗೋರಿ. ಮ್ಯಾಲಿನ ಸೆಕ್ಟರ್ ಸಾಹೇಬರಿಗಿ ಫೋನ್ ಹಚ್ಚಿ ಹೇಳ್ರಿ. ನಿಮ್ಮ ಡೈರಿದಾಗ ಬರೀರಿ, ನಮ್ಮ ಕೈಲೆ ತಪ್ಪಾಗ್ಯದ ಅಂತ. ಇವರು ಮಷಿನ್ ಒತ್ತಲಿ."

ಇನ್ನೊಂದು ದಾರಿ ನನ್ನ ನೋಟ್ಸಿನಲ್ಲಿತ್ತು. ಒಬ್ಬರ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದು, ಆಮೇಲೆ ನಿಜವಾದ ಮತದಾರ ಬಂದರೆ, ಅವರಿಗೆ ಯಂತ್ರದ ಬದಲು ಒಂದು ಕಾಗದದ ಮತಪತ್ರ ಕೊಡುತ್ತಾರೆ. ಟೆಂಡರ್ ಮತ. ಅದನ್ನು ಲಕೋಟೆಗೆ ಹಾಕಿ ಸೀಲು ಮಾಡಿ ಇಡುತ್ತಾರೆ. ಎಣಿಸುವುದಿಲ್ಲ. ಯಾರಾದರೂ ಕೋರ್ಟಿಗೆ ಹೋಗಿ, ಕೋರ್ಟು ಬೇಕೆಂದರೆ ಮಾತ್ರ ಅದು ಹೊರಗೆ ಬರುತ್ತದೆ. ವರ್ಷಾನುಗಟ್ಟಲೆ ಇದನ್ನು ಐದು ಅಂಕದ ಪ್ರಶ್ನೆಯಾಗಿ ಕಲಿಸಿದ್ದೇನೆ, ಕಣ್ಣಾರೆ ನೋಡಿರಲಿಲ್ಲ. ನೋಡುವ ಆಸೆಯೂ ಒಳಗೆಲ್ಲೋ ಇತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಓಡಾಡುತ್ತಿತ್ತು. ಪಿಆರ್‌ಓ ಬರೆದು ಮೇಲಿನವರಿಗೆ ಒಪ್ಪಿಸುವ ಆ ಡೈರಿಯಲ್ಲಿ ತಪ್ಪು ಬರೆದರೆ ನೋಟೀಸು ಬರುತ್ತದೆ. ಟೆಂಡರ್ ಮತ ಕೊಟ್ಟರೆ ತಪ್ಪು ಯಾರೋ ಗುರುತಿಲ್ಲದ ಕಳ್ಳ ಮತದಾರನದಾಗುತ್ತದೆ, ನನ್ನದಾಗುವುದಿಲ್ಲ.

"ಟೆಂಡರ್ ಕೊಡ್ತೀನ್ರಿ" ಎಂದೆ.

"ಅದು ಎಣಿಕಿಗಿ ಬರಂಗಿಲ್ಲರಿ ಸರ್. ಇಲ್ಲಿ ಕಳ್ಳ ಓಟು ಯಾರೂ ಹಾಕಿಲ್ಲ."

"ನಿಯಮದಾಗ ಏನದ ಅದು ಮಾಡ್ತೀನಿ. ಜವಾಬ್ದಾರಿ ನಂದು, ನಾನು ಪಿಆರ್‌ಓ."

ಟೀಚರಮ್ಮ ನನ್ನ ಮುಖ ನೋಡಿದರು. "ಹೌದ್ರಿ" ಎಂದು ಕೂತರು.

ನಾನು ಮತಪತ್ರದ ಹಿಂದೆ ಟೆಂಡರ್ ಮತವೆಂದು ಬರೆದು, ಅದಕ್ಕೆಂದೇ ಇರುವ ಬೇರೆ ಪಟ್ಟಿಯಲ್ಲಿ ಸಹಿಯ ಬದಲು ನಾಗಮ್ಮನವರ ಹೆಬ್ಬೆಟ್ಟು ಒತ್ತಿಸಿಕೊಂಡು, ಮುದ್ರೆಯ ಜೊತೆ ಕಾಗದ ಕೊಟ್ಟೆ. ನಾಗಮ್ಮನವರ ಮುಖ ಅರಳಿತು. "ಮೊದಲಿನ ಹಂಗ ಕಾಗದ ಕೊಟ್ರಿ ನನಗ" ಎಂದು ಮರೆಗೆ ಹೋಗಿ ಒತ್ತಿ, ಮಡಚಿ, ಎರಡೂ ಕೈಯಲ್ಲಿ ತಂದು ಕೊಟ್ಟರು. ಲಕೋಟೆಯಲ್ಲಿ ಹಾಕಿದೆ. ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಇದೂ ಲೆಕ್ಕದಾಗ ಬರತದಲ್ರಿ, ಸಾಹೇಬ್ರ?"

ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಟೀಚರಮ್ಮ ತಲೆ ತಗ್ಗಿಸಿ ಪಟ್ಟಿ ನೋಡುತ್ತಿದ್ದರು.

"ಬರತದವ್ವಾ" ಎಂದೆ.

ನಾಗಮ್ಮ ಕೈಮುಗಿದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಟೀಚರಮ್ಮ, ಯಾರಿಗೂ ಹೇಳುವಂತಲ್ಲದೆ, "ಊಟಕ್ಕ ಏಳಬಾರದಿತ್ತು ನಾನು" ಎಂದರು. ನನಗೆ ಚುಚ್ಚಲು ಹೇಳಿದರೆಂದು ತಿಳಿದು ಸಿಟ್ಟು ಬಂತು.

ಸಂಜೆ ನಮೂನೆಗಳನ್ನು ತುಂಬಿದೆ. ಟೆಂಡರ್ ಮತಗಳು: ಒಂದು. ಡೈರಿಯಲ್ಲಿ, ಗಮನಿಸಬೇಕಾದ ಘಟನೆ ಏನಾದರೂ ನಡೆಯಿತೇ ಎಂಬ ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆದೆ. ಹುಮನಾಬಾದದಲ್ಲಿ ಯಂತ್ರ ಒಪ್ಪಿಸುವ ಸಾಲಿನಲ್ಲಿ ನಿಂತಾಗ ಟೀಚರಮ್ಮ ಕನ್ನಡಕ ಏರಿಸಿ ಆ ಡೈರಿ ಓದಿದರು. "ನಿಮ್ಮ ಅಕ್ಷರ ಛಂದ ಅವರಿ ಸರ್" ಎಂದರು. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಡ್ತಿ ಬಂತು. ಟೆಂಡರ್ ಮತದ ಪಾಠ ಬಂದಾಗ, "ಇದು ಅಷ್ಟು ಮುಖ್ಯವಲ್ಲ, ಪರೀಕ್ಷೆಗೆ ಬರೋದಿಲ್ಲ" ಎಂದು ಪುಟ ತಿರುವುವ ಅಭ್ಯಾಸ ಶುರುವಾಯಿತು. ಒಂದು ವರ್ಷ ಅದೇ ಪ್ರಶ್ನೆ ಬಂದು ಮಕ್ಕಳು ನನ್ನನ್ನು ಬೈದುಕೊಂಡರು. ಟೀಚರಮ್ಮನವರ ಮನೆ ನಮ್ಮ ಮನೆಯಿಂದ ಎರಡು ಓಣಿ ದೂರ. ತರಕಾರಿಗೆ ಹೋಗುವಾಗ ಆ ಓಣಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ. ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ ಎಂದು ಹೆಂಡತಿಗೆ ಹೇಳಿದ್ದೆ. ಆದರೂ ಸಿಕ್ಕೇ ಸಿಗುತ್ತಿದ್ದರು, ಹುಣಸೆಬೀಜದ ಚುನಾವಣೆಗೆ ಕರೆದದ್ದೂ ಹೀಗೆ ಒಮ್ಮೆ ಸಿಕ್ಕಾಗಲೇ. ಆ ದಿನದ ಮಾತು ಅವರು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಅವರು ತೀರಿಕೊಂಡ ಮೇಲೆ ಶಿಕ್ಷಕರ ಬಳಗದವರು ಸ್ಮರಣೆಯ ಪುಸ್ತಿಕೆಗೆ ಒಂದು ಲೇಖನ ಕೇಳಿದರು. ತೆಂಗಿನ ಚಿಪ್ಪು, ಹುಣಸೆಬೀಜ, 'ಅವರು' ಎಲ್ಲ ಬರೆದೆ. ಲೇಖನ ಚೆನ್ನಾಗಿಯೇ ಬಂದಿತ್ತು. ಆದರೆ ಅದಕ್ಕೊಂದು ಮುಕ್ತಾಯ ಬೇಕಿತ್ತು. ನಾಗಮ್ಮನವರನ್ನು ಕಂಡು ಟೀಚರಮ್ಮನ ಬಗ್ಗೆ ಒಂದೆರಡು ಒಳ್ಳೆಯ ಮಾತು ಕೇಳಿಕೊಂಡು ಬಂದರೆ ಸಾಕು, ಕಡೆಯ ಪ್ಯಾರಾ ತಾನೇ ಆಗುತ್ತದೆ ಎಂದು ಹೊರಟೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆಯಲು ಕೈ ಬರುತ್ತಿಲ್ಲ. ಹುಮನಾಬಾದದಲ್ಲಿ ದುಬಲಗುಂಡಿಯ ಬಸ್ಸು ಹಿಡಿದು, ಇಳಿದು, ಮುಂದೆ ನಡೆದೆ.

ನಾಗಮ್ಮ ಮನೆಯ ಮುಂದೆ ಬೇವಿನ ನೆರಳಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದರು. ನನ್ನ ಪ್ಯಾಂಟು ಶರ್ಟು ನೋಡಿ, "ಯಾವ ಬ್ಯಾಂಕಿನವ್ರಿ?" ಎಂದು ಕೇಳಿದರು. ಇಷ್ಟು ವರ್ಷ ಅವರ ಮುಖವನ್ನು ನಾನು ಹೊತ್ತುಕೊಂಡು ತಿರುಗಿದ್ದೆ, ಅವರಿಗಾದರೋ ನನ್ನ ಮುಖ ನೆನಪೇ ಇರಲಿಲ್ಲ. ಓಟಿನ ದಿನ, ಕಾಗದದ ಓಟು ಎಂದು ಹೇಳಿದೆ.

"ಹಾಂ, ಆ ಕಾಗದದ್ದು! ಅದು ಲೆಕ್ಕಕ್ಕೇ ಬರಲಿಲ್ಲಂತಲ್ರಿ."

"ಯಾರು ಹೇಳಿದ್ರವ್ವಾ?"

"ಪಟ್ಟಿ ಹಿಡಕೊಂಡು ಕೂತಿದ್ಲಲ್ಲ, ಆ ಟೀಚರಮ್ಮ. ಎಲೆಕ್ಷನ್ ಆಗಿ ಎಂಟೋ ಹತ್ತೋ ದಿನಕ್ಕ, ಬಿಸಲಾಗ ಒಬ್ಬಾಕೀನೇ ನಡಕೋತ ಬಂದ್ಲು. 'ನಿಮ್ಮ ಓಟು ಎಣಸಂಗಿಲ್ಲವ್ವಾ, ಗುರುತು ತಪ್ಪಾಗ್ಯದ, ಪಟ್ಟಿ ನನ್ನ ಕೈಯಾಗ ಇತ್ತು, ತಪ್ಪು ನಂದು' ಅಂದ್ಲು. ಕೈ ಮುಗದ್ಲು."

"ನೀವೇನಂದ್ರಿ?"

"ಏನಂತೀನ್ರಿ? ಬಾಯಿಗಿ ಬಂದಂಗ ಬೈದೆ. ಸಾಲಿ ಕಲಸಾಕಿಗಿ ಎರಡು ಹೆಸರು ಓದಲಿಕ್ಕ ಬರಂಗಿಲ್ಲೇನು ಅಂದೆ. ಓಣಿ ಮಂದಿ ಎಲ್ಲಾ ಕೂಡಿತು. ಆಕಿ ಪೂರಾ ಕೇಳಿಕೋತ ನಿಂತ್ಲು, ಒಂದು ಮಾತು ತಿರುಗಿ ಆಡಲಿಲ್ಲ. ನಾ ನೀರು ಸೈತ ಕೊಡಲಿಲ್ಲ. ಈಗೂ ಎಲೆಕ್ಷನ್ ಬಂದ್ರ ಆಕೀನ ನೆನಸಿ ಬೈತಿರ್ತೀನಿ."

ತಂದಿದ್ದ ನೋಟ್‌ಬುಕ್ಕನ್ನು ಚೀಲದೊಳಗೆ ಹಾಕಿದೆ.

"ತಪ್ಪು ಆಕಿದಲ್ಲವ್ವಾ" ಎಂದೆ. "ಆಕಿ ಊಟಕ್ಕ ಎದ್ದಿದ್ರು. ನಾನೇ ಎಬ್ಬಿಸಿದ್ದೆ. ಆ ಕುರ್ಚಿಮ್ಯಾಲ ಕೂತು ಗುರುತು ಹಾಕಿದಾತ ನಾನು. ತಿದ್ದರಿ ಅಂತ ಆಕಿ ಹೇಳಿದ್ರು, ನಾ ತಿದ್ದಲಿಲ್ಲ. ಲೆಕ್ಕದಾಗ ಬರತದ ಅಂತ ನಿಮಗ ಸುಳ್ಳು ಹೇಳಿದಾತನೂ ನಾನೇ."

ಮೊರ ನಿಂತಿತು. ನಾಗಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮತ್ತ ಆಕಿ ನಂದು ತಪ್ಪು ಅಂದ್ಲಲ್ರಿ?"

"ಹೌದವ್ವಾ."

"ಆಕೀನ ಒಮ್ಮೆ ಕರಕೊಂಡು ಬರ್ರಿ. ನಾ ಮಾತಾಡಬೇಕಾಗ್ಯದ ಆಕಿ ಕೂಡ."

"ಅವರು ತೀರಿಕೊಂಡ್ರವ್ವಾ. ಹೋದ ತಿಂಗಳು."

ನಾಗಮ್ಮ ಓಣಿಯಲ್ಲಿ ಒಂದು ಜಾಗವನ್ನೇ ನೋಡುತ್ತ ಕೂತಿದ್ದರು. ಟೀಚರಮ್ಮ ಅವತ್ತು ಅಲ್ಲೇ ನಿಂತಿದ್ದಿರಬೇಕು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ತಡೆದುಕೊಂಡೆ. ಅಲ್ಲಿ ಅಳುವ ಹಕ್ಕು ನನಗಿರಲಿಲ್ಲ. ಆಮೇಲೆ ನಾಗಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತರು.

"ಕೂಡ್ರಿ ಅಲ್ಲಿ" ಎಂದು ನೆಲ ತೋರಿಸಿದರು. "ಅವತ್ತ ಆಕಿಗಿ ಬೈದದ್ದು ನಿಮ್ಮದು. ಈಗ ತಗೋರಿ. ಪೂರಾ ಕೇಳಿ ಹೋಗ್ರಿ."

ಕೂತೆ. ಅವರು ಶುರು ಮಾಡಿದರು. ಮೊದಲು ಪಕ್ಕದ ಮನೆಯ ಬಾಗಿಲು ತೆರೆಯಿತು, ಆಮೇಲೆ ಎದುರಿನದು. ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. "ಯಾರವ್ವಾ ಇವ್ರು? ಯಾಕ ಬೈಯಾಕತ್ತಿದಿ?" ಎಂದು ಯಾರೋ ಕೇಳಿದರು. ನಾಗಮ್ಮ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತರು.

"ತಪ್ಪು ಗುರುತು ಹಾಕಿದಾತ ನಾನ್ರಿ" ಎಂದು ನಾನೇ ಹೇಳಿದೆ, ಹಿಂದೆ ನಿಂತವರಿಗೂ ಕೇಳುವ ಹಾಗೆ. ನಾಗಮ್ಮ ಮತ್ತೆ ಶುರು ಮಾಡಿದರು.